ಮನಸ್ಸಿನ ತಕ್ಕಡಿಗೂ ಮುದ್ರೆ ಬೇಕು

ಒಂದೇ ಒಂದು ಅಂಕದ ಅಂತರದಲ್ಲಿ ಒಬ್ಬ ಮನುಷ್ಯನ ಪ್ರಾಣ ತೂಗಾಡುತ್ತಿತ್ತು. ಅವನಿಗೆ ಬಂದಿದ್ದ ಅಂಕ 71, ಬೇಕಾಗಿದ್ದುದು 70.

ಅಮೆರಿಕದ ಫ್ಲಾರಿಡ ರಾಜ್ಯದ ಸೆರೆಮನೆಯಲ್ಲಿ ಫ್ರೆಡ್ಡಿ ಲೀ ಹಾಲ್ ಎಂಬ ಕೈದಿಯಿದ್ದನು. 1978ರಲ್ಲಿ ನಡೆದ ಕೊಲೆಗಾಗಿ ಅವನಿಗೆ ಮರಣದಂಡನೆ ವಿಧಿಸಲಾಗಿತ್ತು. ಅಪರಾಧ ಘೋರವಾದುದೆಂಬುದರಲ್ಲಿ ಯಾರಿಗೂ ಸಂದೇಹವಿರಲಿಲ್ಲ. ಆದರೆ ಬೌದ್ಧಿಕ ನ್ಯೂನತೆಯುಳ್ಳವರನ್ನು ಮರಣದಂಡನೆಗೆ ಗುರಿಪಡಿಸಕೂಡದೆಂದು ಆ ದೇಶದ ಸರ್ವೋಚ್ಚ ನ್ಯಾಯಾಲಯವು 2002ರಲ್ಲಿ ತೀರ್ಪಿತ್ತಿತ್ತು. ಹಾಗಾದರೆ ಬೌದ್ಧಿಕ ನ್ಯೂನತೆ ಯಾರಿಗಿದೆ, ಯಾರಿಗಿಲ್ಲ ಎಂದು ನಿರ್ಧರಿಸುವ ಬಗೆಯೇನು? ಫ್ಲಾರಿಡದವರು ಒಂದು ಗೆರೆಯನ್ನೆಳೆದರು. ಬುದ್ಧಿಪರೀಕ್ಷೆಯಲ್ಲಿ ಬುದ್ಧಿಲಬ್ಧಿ, ಎಂದರೆ ಜನರ ಬಾಯಲ್ಲಿ ಐ.ಕ್ಯೂ. ಎಂದು ಬಳಕೆಯಾಗಿರುವ ಅಂಕ, 70 ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಮಾತ್ರ ಉಳಿದ ಸಾಕ್ಷ್ಯವನ್ನು ಕೇಳುವುದು; 71 ಬಂದರೆ ಬಾಗಿಲು ಮುಚ್ಚಿತು.

ನಲವತ್ತು ವರ್ಷಗಳ ಅವಧಿಯಲ್ಲಿ ಹಾಲ್‌ನಿಗೆ ಒಂಬತ್ತು ಬಾರಿ ಬುದ್ಧಿಪರೀಕ್ಷೆ ನಡೆದಿತ್ತು. ಒಮ್ಮೆ 60 ಬಂದರೆ ಮತ್ತೊಮ್ಮೆ 80 ಬಂದಿತ್ತು. 70ಕ್ಕಿಂತ ಕಡಿಮೆಯಿದ್ದ ಎರಡು ಅಂಕಗಳನ್ನು ಕೆಳಗಿನ ನ್ಯಾಯಾಲಯವು ಪರಿಗಣಿಸಲಿಲ್ಲವಾದ್ದರಿಂದ ಉಳಿದವುಗಳಲ್ಲಿ ಕನಿಷ್ಠವಾದುದು 71. ಮನುಷ್ಯ ಒಬ್ಬನೇ, ತಲೆ ಒಂದೇ. ಅಂಕಗಳು ಮಾತ್ರ ಹಲವು. ಇವುಗಳಲ್ಲಿ ನಿಜವಾದುದು ಯಾವುದು? ಒಂದು ಅಂಕದ ವ್ಯತ್ಯಾಸವನ್ನು ಕಂಡುಹಿಡಿಯುವಷ್ಟು ಸೂಕ್ಷ್ಮವೇ ಆ ತಕ್ಕಡಿ? ಈ ಪ್ರಶ್ನೆ 2014ರಲ್ಲಿ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ಮಂದಿ ನ್ಯಾಯಾಧೀಶರ ಮುಂದೆ ಬಂದಿತು.

ಅವರ ಉತ್ತರವನ್ನು ತಿಳಿಯುವ ಮುನ್ನ, ಅದಕ್ಕೆ ಆಧಾರವಾದ ಒಂದು ಶಾಸ್ತ್ರದ ಪರಿಚಯವಾಗಬೇಕು. ಮನಸ್ಸನ್ನು ಅಳೆಯುವುದಾಗಿ ಹೇಳಿಕೊಳ್ಳುವ ಪರೀಕ್ಷೆಯನ್ನೇ ಅಳೆದು, ಅದು ಎಷ್ಟರಮಟ್ಟಿಗೆ ನಂಬಿಕೆಗೆ ಅರ್ಹವೆಂದು ಹೇಳುವ ಶಾಸ್ತ್ರವದು.

ದರ್ಜಿಯ ಟೇಪು, ಕಿರಾಣಿ ಅಂಗಡಿಯ ಬಟ್ಟು

ದರ್ಜಿಯೊಬ್ಬನು ಹುಡುಗನ ಭುಜದ ಅಳತೆ ತೆಗೆದು ಹದಿನಾಲ್ಕು ಇಂಚು ಎಂದು ಬರೆದುಕೊಂಡನೆನ್ನೋಣ. ಮರುದಿನ ಮತ್ತೆ ಅಳೆದರೂ ಹದಿನಾಲ್ಕೇ ಬಂದರೆ ಆ ಟೇಪನ್ನು ನಂಬಬಹುದು. ಟೇಪು ರಬ್ಬರಿನದಾಗಿದ್ದರೆ ಇಂದು ಹದಿಮೂರೂವರೆ, ನಾಳೆ ಹದಿನೈದು. ಹುಡುಗನ ಭುಜ ಒಂದೇ ರಾತ್ರಿಯಲ್ಲಿ ಬೆಳೆಯಲಿಲ್ಲ. ಎಳೆದಂತೆ ಬಂದದ್ದು ಟೇಪು. ಮತ್ತೆ ಮತ್ತೆ ಅಳೆದಾಗ ಸರಿಸುಮಾರು ಅದೇ ಉತ್ತರ ಕೊಡುವ ಗುಣಕ್ಕೆ ಮನಶ್ಶಾಸ್ತ್ರಜ್ಞರು 'ವಿಶ್ವಸನೀಯತೆ' ಎಂದು ಹೆಸರಿಟ್ಟಿದ್ದಾರೆ.

ಇದರೊಡನೆ ಇನ್ನೊಂದು ಗುಣವನ್ನು ಬೆರೆಸಿ ಕೆಡಿಸಬಾರದು. ಕಿರಾಣಿ ಅಂಗಡಿಯಲ್ಲಿ ಒಂದು ಕಿಲೋಗ್ರಾಮಿನ ಬಟ್ಟು ಸವೆದು ಐವತ್ತು ಗ್ರಾಮು ಕಡಿಮೆಯಾಗಿದೆಯೆನ್ನೋಣ. ಅದರಿಂದ ನೂರು ಸಲ ತೂಗಿದರೂ ನೂರು ಸಲವೂ ಗಿರಾಕಿಗೆ ಸಿಕ್ಕುವುದು ಒಂಬೈನೂರೈವತ್ತು ಗ್ರಾಮು ಬೇಳೆಯೇ. ಆ ಬಟ್ಟು ಅತ್ಯಂತ ವಿಶ್ವಸನೀಯ, ಆದರೆ ಸುಳ್ಳು. ಅಳೆಯಬೇಕಾದುದನ್ನೇ ಸರಿಯಾಗಿ ಅಳೆಯುವ ಗುಣಕ್ಕೆ 'ಸಿಂಧುತ್ವ' ಎಂದು ಬೇರೆ ಹೆಸರಿದೆ. ವಿಶ್ವಸನೀಯತೆಯಿದ್ದ ಮಾತ್ರಕ್ಕೆ ಸಿಂಧುತ್ವ ಬರುವುದಿಲ್ಲ. ಆದರೆ ವಿಶ್ವಸನೀಯತೆಯೇ ಇಲ್ಲದಿದ್ದರೆ ಸಿಂಧುತ್ವದ ಮಾತೇ ಹುಟ್ಟುವುದಿಲ್ಲ. ದಿನಕ್ಕೊಂದು ತೂಕ ತೋರುವ ತಕ್ಕಡಿಯಿಂದ ಯಾರಿಗೆ ತಾನೆ ಪ್ರಯೋಜನ?

ಅಂಗಡಿಯ ತಕ್ಕಡಿಗೆ ಸರ್ಕಾರದ ಅಧಿಕಾರಿ ಬಂದು ಪರೀಕ್ಷಿಸಿ ಮುದ್ರೆಯೊತ್ತುತ್ತಾನೆ. ಅವನ ಬಳಿ ಸರಿಯಾದ ಮಾದರಿ ಬಟ್ಟುಗಳಿರುತ್ತವೆ. ಬುದ್ಧಿಗೆ, ಆತಂಕಕ್ಕೆ, ಅಭಿರುಚಿಗೆ ಅಂತಹ ಮಾದರಿ ಬಟ್ಟು ಎಲ್ಲಿದೆ? ಒಬ್ಬ ಬಾಲಕಿಯ ನಿಜವಾದ ಬುದ್ಧಿ ಇಷ್ಟೇ ಎಂದು ಬರೆದಿಟ್ಟ ಶಾಸನ ಎಲ್ಲಿಯೂ ಇಲ್ಲ. ಮಾದರಿಯೇ ಇಲ್ಲದೆ ತಕ್ಕಡಿಯನ್ನು ಪರೀಕ್ಷಿಸುವುದು ಹೇಗೆ? ಈ ಒಗಟನ್ನು ಬಿಡಿಸಿದವರು ಸೈನ್ಯವನ್ನು ಬಿಟ್ಟು ವಿದ್ಯಾರ್ಥಿಯಾದ ಒಬ್ಬ ಆಂಗ್ಲ ಅಧಿಕಾರಿ.

ಕತ್ತಿಯನ್ನು ಕೆಳಗಿಟ್ಟ ಸೈನಿಕ

ಚಾರ್ಲ್ಸ್ ಸ್ಪಿಯರ್‌ಮನ್ 1863ರಲ್ಲಿ ಲಂಡನ್ನಿನಲ್ಲಿ ಜನಿಸಿದರು. ಬ್ರಿಟಿಷ್ ಸೈನ್ಯದ ಅಧಿಕಾರಿಯಾಗಿ ಬರ್ಮಾ ಯುದ್ಧದಲ್ಲಿಯೂ ಸೇವೆ ಸಲ್ಲಿಸಿದರು. ಮೂವತ್ತನಾಲ್ಕನೆಯ ವಯಸ್ಸಿನಲ್ಲಿ, ಎಂದರೆ ಇತರರು ಸಂಸಾರ, ಬಡ್ತಿ, ಪಿಂಚಣಿಗಳ ಲೆಕ್ಕ ಹಾಕುವ ಕಾಲದಲ್ಲಿ, ಕೆಲಸಕ್ಕೆ ರಾಜೀನಾಮೆಯಿತ್ತು ಜರ್ಮನಿಯ ಲೈಪ್‌ಸಿಗ್ ನಗರಕ್ಕೆ ಹೋಗಿ, ಪ್ರಾಯೋಗಿಕ ಮನಶ್ಶಾಸ್ತ್ರದ ಜನಕರೆನಿಸಿದ ವಿಲ್ಹೆಲ್ಮ್ ವುಂಟ್ ಅವರ ಶಿಷ್ಯರಾದರು. ನಡುವೆ ಬೋಯರ್ ಯುದ್ಧ ಬಂದು ಮತ್ತೆ ಸೈನ್ಯಕ್ಕೆ ಹೋಗಬೇಕಾಯಿತು. ಡಾಕ್ಟರೇಟ್ ದೊರೆತದ್ದು 1906ರಲ್ಲಿ, ನಲವತ್ತು ದಾಟಿದ ಮೇಲೆ. ಸೈನ್ಯದಲ್ಲಿ ಕಳೆದ ವರ್ಷಗಳಿಗಾಗಿ ಅವರು ಕೊನೆಯವರೆಗೂ ಮರುಗಿದರು.

ಅವರು ಬರುವ ವೇಳೆಗೆ ಮನಸ್ಸನ್ನು ಅಳೆಯುವ ಹುಮ್ಮಸ್ಸು ಯೂರೋಪು ಅಮೆರಿಕಗಳಲ್ಲಿ ಹರಡಿತ್ತು. ಫ್ರಾನ್ಸಿಸ್ ಗಾಲ್ಟನ್ 1884ರಲ್ಲಿ ಲಂಡನ್ನಿನ ವಸ್ತುಪ್ರದರ್ಶನದಲ್ಲಿ ಮಾಪನಾಲಯವೊಂದನ್ನು ತೆರೆದು, ಮೂರು ಪೆನ್ಸ್ ಕೊಟ್ಟು ಒಳಬಂದವರ ದೃಷ್ಟಿ, ಶ್ರವಣ, ಹಿಡಿತದ ಬಲ ಮೊದಲಾದುವನ್ನು ಅಳೆದು ಚೀಟಿ ಬರೆದುಕೊಡುತ್ತಿದ್ದರು. ಎರಡು ಸಂಗತಿಗಳು ಎಷ್ಟರಮಟ್ಟಿಗೆ ಜೊತೆಜೊತೆಯಾಗಿ ಏರಿಳಿಯುತ್ತವೆಂಬುದನ್ನು ಒಂದು ಸಂಖ್ಯೆಯಲ್ಲಿ ಹೇಳುವ ಉಪಾಯವನ್ನು 1888ರಲ್ಲಿ ಸೂಚಿಸಿದವರೂ ಅವರೇ. ಕಾರ್ಲ್ ಪಿಯರ್‌ಸನ್ 1896ರಲ್ಲಿ ಅದಕ್ಕೆ ಗಣಿತದ ಅಚ್ಚುಕಟ್ಟಾದ ರೂಪ ಕೊಟ್ಟರು. ಅದೇ ಸಹಸಂಬಂಧ ಗುಣಾಂಕ.

ಇದರ ಅರ್ಥ ಕಠಿಣವೇನಲ್ಲ. ತರಗತಿಯ ನಲವತ್ತು ಮಕ್ಕಳಿಗೆ ಗಣಿತದಲ್ಲಿಯೂ ಭೌತಶಾಸ್ತ್ರದಲ್ಲಿಯೂ ಅಂಕಗಳು ಬಂದಿವೆ. ಒಂದರಲ್ಲಿ ಮೇಲಿರುವವರೇ ಇನ್ನೊಂದರಲ್ಲಿಯೂ ಅದೇ ಪ್ರಮಾಣದಲ್ಲಿ ಮೇಲಿದ್ದರೆ ಗುಣಾಂಕ 1. ಒಂದಕ್ಕೂ ಇನ್ನೊಂದಕ್ಕೂ ಯಾವ ಸಂಬಂಧವೂ ಕಾಣದಿದ್ದರೆ ಸೊನ್ನೆ. ಒಂದು ಏರಿದಷ್ಟೂ ಇನ್ನೊಂದು ಇಳಿಯುತ್ತ ಹೋದರೆ ಋಣ 1. ಲೋಕದ ವ್ಯವಹಾರಗಳು ಸಾಮಾನ್ಯವಾಗಿ ಇವುಗಳ ನಡುವೆ ಎಲ್ಲಿಯೋ ಇರುತ್ತವೆ.

1904ರಲ್ಲಿ ಪ್ರಕಟವಾದ ಸ್ಪಿಯರ್‌ಮನ್ನರ ಲೇಖನಗಳು ಈ ಗುಣಾಂಕವನ್ನು ಪರೀಕ್ಷೆಗಳ ಮೇಲೆಯೇ ತಿರುಗಿಸಿದವು. ಅವರ ವಾದದ ತಿರುಳು ಹೀಗಿದೆ: ಪರೀಕ್ಷೆಯಲ್ಲಿ ಕಂಡುಬರುವ ಅಂಕ ಎರಡು ಭಾಗಗಳು ಕೂಡಿ ಆದದ್ದು. ಒಂದು, ಆ ವ್ಯಕ್ತಿಯ ನಿಜವಾದ ಅಂಕ, ಇನ್ನೊಂದು, ದೋಷ. ರಾತ್ರಿ ನಿದ್ದೆಗೆಟ್ಟದ್ದು, ಪೆನ್ಸಿಲ್ ಮುರಿದದ್ದು, ಕುರುಡು ಊಹೆ ಫಲಿಸಿದ್ದು, ಓದಿದ ಪ್ರಶ್ನೆಯೇ ಬಂದದ್ದು, ಪರೀಕ್ಷಕರು ಸಿಡುಕಿದ್ದು, ಎಲ್ಲವೂ ಈ ದೋಷದ ಮಡಿಲಿನಲ್ಲಿ. ನಿಜವಾದ ಅಂಕವನ್ನು ಯಾರೂ ಕಣ್ಣಾರೆ ಕಾಣಲಾರರು. ಆದರೆ ದೋಷಕ್ಕೆ ಒಂದು ಸ್ವಭಾವವಿದೆ: ಅದು ಇಂದು ಒಬ್ಬರನ್ನು ಮೇಲಕ್ಕೆತ್ತಿದರೆ ನಾಳೆ ಅವರನ್ನೇ ಎತ್ತಬೇಕೆಂಬ ನಿಯಮವಿಲ್ಲ. ಆದ್ದರಿಂದ ಒಂದೇ ಗುಂಪನ್ನು ಎರಡು ಬಾರಿ ಅಳೆದು ಎರಡು ಪಟ್ಟಿಗಳ ಸಹಸಂಬಂಧವನ್ನು ನೋಡಿದರೆ, ಎರಡು ಬಾರಿಯೂ ನಿಂತು ಉಳಿದದ್ದು ನಿಜ, ಚೆದರಿಹೋದದ್ದು ದೋಷ. ಮಾದರಿ ಬಟ್ಟಿಲ್ಲದೆಯೇ ತಕ್ಕಡಿಯ ಪರೀಕ್ಷೆ ಸಾಧ್ಯವಾಯಿತು!

ಗುಣಾಂಕ 0.90 ಎಂದು ಬಂದರೆ, ಆ ಗುಂಪಿನವರ ಅಂಕಗಳಲ್ಲಿ ಕಂಡ ವ್ಯತ್ಯಾಸವನ್ನು ನೂರು ಪಾಲು ಮಾಡಿದಾಗ ತೊಂಬತ್ತು ಪಾಲು ನಿಜವಾದ ವ್ಯತ್ಯಾಸ, ಹತ್ತು ಪಾಲು ದೋಷ ಎಂದು ತಾತ್ಪರ್ಯ. 0.50 ಬಂದರೆ ಅರ್ಧಕ್ಕರ್ಧ ಗಾಳಿಯ ಆಟ.

ಒಂದು ಪರೀಕ್ಷೆಯನ್ನು ಎರಡು ಮಾಡುವ ಬಗೆ

ಎರಡು ಬಾರಿ ಪರೀಕ್ಷೆ ಮಾಡುವುದು ಕೇಳಲು ಸುಲಭ; ಆಚರಣೆಯಲ್ಲಿ ತೊಡಕು. ವಾರದೊಳಗೆ ಅದೇ ಪ್ರಶ್ನೆಗಳನ್ನು ಮತ್ತೆ ಕೇಳಿದರೆ ಮಕ್ಕಳು ನೆನಪಿನಿಂದ ಉತ್ತರಿಸುತ್ತಾರೆ. ವರ್ಷ ಬಿಟ್ಟು ಕೇಳಿದರೆ ಮಕ್ಕಳೇ ಬದಲಾಗಿರುತ್ತಾರೆ.

ಇದಕ್ಕೆ ಪರಿಹಾರವಾಗಿ 1910ರಲ್ಲಿ ಸ್ಪಿಯರ್‌ಮನ್ ಹಾಗೂ ವಿಲಿಯಂ ಬ್ರೌನ್ ಎಂಬ ಇನ್ನೊಬ್ಬ ವಿದ್ವಾಂಸರು ಒಬ್ಬರನ್ನೊಬ್ಬರು ಅವಲಂಬಿಸದೆ ಒಂದೇ ಸೂತ್ರವನ್ನು ಒಂದೇ ಪತ್ರಿಕೆಯಲ್ಲಿ ಪ್ರಕಟಿಸಿದರು. ಪರೀಕ್ಷೆಯನ್ನು ಒಂದೇ ಸಲ ನಡೆಸಿ. ಅನಂತರ ಬೆಸ ಸಂಖ್ಯೆಯ ಪ್ರಶ್ನೆಗಳ ಅಂಕಗಳನ್ನು ಒಂದು ಕಡೆ, ಸಮ ಸಂಖ್ಯೆಯವನ್ನು ಇನ್ನೊಂದು ಕಡೆ ಕೂಡಿಸಿ. ಒಂದು ಪರೀಕ್ಷೆ ಎರಡು ಅರ್ಧ ಪರೀಕ್ಷೆಗಳಾಯಿತು. ಎರಡು ಅರ್ಧಗಳ ಸಹಸಂಬಂಧ 0.60 ಎಂದಿಟ್ಟುಕೊಳ್ಳೋಣ. ಇದು ಅರ್ಧ ಪರೀಕ್ಷೆಯ ವಿಶ್ವಸನೀಯತೆ. ಇಡೀ ಪರೀಕ್ಷೆಯದನ್ನು ತಿಳಿಯಲು ಆ ಸಂಖ್ಯೆಯನ್ನು ಇಮ್ಮಡಿಸಿ, ಬಂದ 1.20 ಅನ್ನು, 1ಕ್ಕೆ 0.60 ಕೂಡಿಸಿದ 1.60ರಿಂದ ಭಾಗಿಸಬೇಕು. ಉತ್ತರ 0.75.

ಈ ಸೂತ್ರ ಇನ್ನೊಂದು ಪಾಠವನ್ನೂ ಹೇಳುತ್ತದೆ. ವಿಶ್ವಸನೀಯತೆ 0.50 ಇರುವ ಪುಟ್ಟ ಪರೀಕ್ಷೆಗೆ ಅದೇ ಜಾತಿಯ ಪ್ರಶ್ನೆಗಳನ್ನು ಸೇರಿಸಿ ಎರಡರಷ್ಟು ಉದ್ದ ಮಾಡಿದರೆ 0.67 ಆಗುತ್ತದೆ. ನಾಲ್ಕರಷ್ಟಾದರೆ 0.80. 0.90 ಮುಟ್ಟಲು ಒಂಬತ್ತರಷ್ಟು ಬೇಕು! ಅನ್ನ ಬೆಂದಿದೆಯೇ ಎಂದು ನೋಡಲು ಒಂದಗುಳು ಸಾಕೆಂಬುದು ಅಡಿಗೆಮನೆಯ ಮಾತು. ಪಾತ್ರೆಯಲ್ಲಿನ ಅಗುಳುಗಳೆಲ್ಲ ಒಂದೇ ಹದದಲ್ಲಿ ಬೆಂದಿರುವುದರಿಂದ ಅದು ಸರಿ. ಮನುಷ್ಯನ ಮನಸ್ಸು ಹಾಗಲ್ಲ. ಪತ್ರಿಕೆಯ ಮೂಲೆಯಲ್ಲಿ ಬರುವ ಐದು ಪ್ರಶ್ನೆಗಳಿಗೆ ಉತ್ತರಿಸಿ ತಮ್ಮ ಸ್ವಭಾವವನ್ನು ತಿಳಿದುಕೊಂಡೆವೆಂದು ಭಾವಿಸುವವರು ಈ ಲೆಕ್ಕವನ್ನು ಒಮ್ಮೆ ನೆನೆಯುವುದು ಒಳ್ಳೆಯದು.

ಇನ್ನೂರು ಅಂಕದ ಬಾಲಕ

ಅರ್ಧ ಮಾಡುವ ಉಪಾಯದಲ್ಲಿಯೂ ಒಂದು ಹುಳುಕಿತ್ತು. ಬೆಸ–ಸಮ ಎಂದು ಒಡೆದರೆ ಒಂದು ಉತ್ತರ, ಮೊದಲರ್ಧ–ಕೊನೆಯರ್ಧ ಎಂದು ಒಡೆದರೆ ಇನ್ನೊಂದು. ಹತ್ತು ಪ್ರಶ್ನೆಗಳನ್ನು ಎರಡು ಸಮಭಾಗವಾಗಿ 126 ಬಗೆಯಲ್ಲಿ ಒಡೆಯಬಹುದು. ಇಪ್ಪತ್ತು ಪ್ರಶ್ನೆಗಳನ್ನಾದರೆ 92,378 ಬಗೆಯಲ್ಲಿ! ಯಾವುದನ್ನು ನಂಬುವುದು?

1937ರಲ್ಲಿ ಅಮೆರಿಕದ ಕ್ಯೂಡರ್ ಮತ್ತು ರಿಚರ್ಡ್‌ಸನ್ ಎಂಬ ಇಬ್ಬರು, ಪ್ರತಿಯೊಂದು ಪ್ರಶ್ನೆಯನ್ನೂ ಒಂದು ಪುಟ್ಟ ಪರೀಕ್ಷೆಯೆಂದೇ ಎಣಿಸಿ, ಸರಿ–ತಪ್ಪು ಎಂದು ಮಾತ್ರ ಅಂಕ ಕೊಡುವ ಪರೀಕ್ಷೆಗಳಿಗೆ ಒಂದು ಸೂತ್ರವನ್ನು ಕೊಟ್ಟರು. ಅವರ ಲೇಖನದ ಇಪ್ಪತ್ತನೆಯ ಸೂತ್ರವಾದ್ದರಿಂದ ಅದು ಇಂದಿಗೂ 'ಕೆ.ಆರ್. 20' ಎಂದೇ ಪ್ರಸಿದ್ಧ. 1951ರಲ್ಲಿ ಲೀ ಕ್ರಾನ್‌ಬ್ಯಾಕ್ ಎಂಬವರು ಎಲ್ಲ ಬಗೆಯ ಅಂಕಗಳಿಗೂ ಹೊಂದುವ ರೂಪವನ್ನು ವಿವರಿಸಿ ಅದಕ್ಕೆ 'ಆಲ್ಫಾ' ಎಂಬ ಹೆಸರಿಟ್ಟರು. ಸಾಧ್ಯವಿರುವ ಎಲ್ಲ ಅರ್ಧಗಳಿಂದಲೂ ಬರುವ ಉತ್ತರಗಳ ಸರಾಸರಿ ಈ ಆಲ್ಫಾ ಎಂದು ಅವರು ತೋರಿಸಿದರು.

ಕ್ರಾನ್‌ಬ್ಯಾಕ್ ಅವರ ಬದುಕೇ ಬುದ್ಧಿಪರೀಕ್ಷೆಯೊಡನೆ ಹೆಣೆದುಕೊಂಡಿತ್ತು. ಅವರು ಕ್ಯಾಲಿಫೋರ್ನಿಯದ ಫ್ರೆಸ್ನೊ ಊರಿನವರು. ಐದು ವರ್ಷದ ಬಾಲಕನಾಗಿದ್ದಾಗ, 1921ರಲ್ಲಿ, ಶಾಲೆಯ ಮನಶ್ಶಾಸ್ತ್ರಜ್ಞೆಯೊಬ್ಬರು ಅವರಿಗೆ ಸ್ಟಾನ್‌ಫರ್ಡ್–ಬಿನೆ ಪರೀಕ್ಷೆ ನಡೆಸಿದಾಗ 200 ಅಂಕ ಬಂದಿತಂತೆ! ಅಂಕದ ಪ್ರಭಾವಳಿಯನ್ನು ಹೊತ್ತುಕೊಂಡು ಬೆಳೆದ ಬಾಲಕನೇ ಮುಂದೆ ಅಂಕಗಳನ್ನು ಎಷ್ಟು ನಂಬಬೇಕೆಂದು ಲೋಕಕ್ಕೆ ಹೇಳಿಕೊಟ್ಟದ್ದು ಸ್ವಾರಸ್ಯದ ಸಂಗತಿ.

ಆಲ್ಫಾದ ಹಿಂದಿರುವ ತರ್ಕ ಸರಳವಾದುದು. ನಾಲ್ಕು ಪ್ರಶ್ನೆಗಳಿವೆ, ಪ್ರತಿಯೊಂದರ ಅಂಕಗಳ ಏರಿಳಿತದ ಪ್ರಮಾಣ, ಎಂದರೆ ಪ್ರಸರಣ, 1 ಎಂದಿಟ್ಟುಕೊಳ್ಳೋಣ. ನಾಲ್ಕು ಪ್ರಶ್ನೆಗಳಿಗೂ ಒಂದಕ್ಕೊಂದು ಸಂಬಂಧವೇ ಇಲ್ಲದಿದ್ದರೆ, ಒಟ್ಟು ಅಂಕದ ಪ್ರಸರಣ ಬಿಡಿ ಪ್ರಸರಣಗಳ ಮೊತ್ತವಾದ 4 ಮಾತ್ರ. ಆಗ ಆಲ್ಫಾ ಸೊನ್ನೆ. ನಾಲ್ಕೂ ಒಂದೇ ಹೆಜ್ಜೆಯಲ್ಲಿ ನಡೆದರೆ ಒಟ್ಟು ಪ್ರಸರಣ 16ಕ್ಕೆ ಏರುತ್ತದೆ. ಆಗ ಆಲ್ಫಾ 1. ನಡುವೆ 10 ಬಂದರೆ ಆಲ್ಫಾ 0.80. ಭಜನೆಯ ಮೇಳದಲ್ಲಿ ಎಲ್ಲರೂ ಒಂದೇ ಶ್ರುತಿಯಲ್ಲಿ ಹಾಡಿದರೆ ದನಿ ದೂರಕ್ಕೆ ಕೇಳಿಸುತ್ತದೆ. ಒಬ್ಬೊಬ್ಬರದು ಒಂದೊಂದು ಶ್ರುತಿಯಾದರೆ ಬರಿಯ ಗದ್ದಲ. ಪ್ರಶ್ನೆಗಳ ಮೇಳ ಎಷ್ಟು ಶ್ರುತಿಬದ್ಧವಾಗಿದೆಯೆಂದು ಆಲ್ಫಾ ಹೇಳುತ್ತದೆ.

ಸುಲಭವಾದ ಉಪಾಯಗಳ ದುರುಪಯೋಗವೂ ಸುಲಭ. ಒಂದೇ ಪ್ರಶ್ನೆಯನ್ನು ಮಾತು ಬದಲಿಸಿ ಹತ್ತು ಸಲ ಕೇಳಿದರೆ ಆಲ್ಫಾ ತಾನಾಗಿಯೇ ಮೇಲೇರುತ್ತದೆ. ಜ್ಞಾನ ಮಾತ್ರ ಎಳ್ಳಷ್ಟೂ ಹೆಚ್ಚುವುದಿಲ್ಲ. ಅಲ್ಲದೆ ವಿಶ್ವಸನೀಯತೆಯು ಪರೀಕ್ಷೆಯೊಳಗೆ ಅಚ್ಚೊತ್ತಿದ ಗುಣವೂ ಅಲ್ಲ. ಯಾವ ಗುಂಪಿಗೆ ಪರೀಕ್ಷೆ ನಡೆಯಿತೋ ಆ ಗುಂಪಿನ ಅಂಕಗಳ ಗುಣ. ಎಲ್ಲ ಬಗೆಯ ಮಕ್ಕಳೂ ಇರುವ ಶಾಲೆಯಲ್ಲಿ 0.90 ತೋರಿದ ಪರೀಕ್ಷೆ, ಆರಿಸಿ ತೆಗೆದ ಬುದ್ಧಿವಂತರ ತರಗತಿಯಲ್ಲಿ ಅದಕ್ಕಿಂತ ಬಹಳ ಕಡಿಮೆ ತೋರಬಹುದು. ಕ್ರಾನ್‌ಬ್ಯಾಕ್ 2001ರಲ್ಲಿ ನಿಧನರಾದರು. 2004ರಲ್ಲಿ ಮರಣೋತ್ತರವಾಗಿ ಪ್ರಕಟವಾದ ಲೇಖನದಲ್ಲಿ ಅವರು ತಮ್ಮ ಆಲ್ಫಾಕ್ಕೆ ದೊರೆತ ಅತಿಯಾದ ಕೀರ್ತಿಯ ಬಗೆಗೆ ಸಂಕೋಚಪಟ್ಟು, ಪರೀಕ್ಷೆಯ ಬಗ್ಗೆ ಹೇಳಬೇಕಾದ ಮುಖ್ಯ ಸಂಗತಿ ಗುಣಾಂಕವಲ್ಲ, ಮಾಪನದ ಮಾನಕ ದೋಷ ಎಂಬ ಅಭಿಪ್ರಾಯವನ್ನು ಬಿಟ್ಟುಹೋದರು.

ಅಂಕದ ಸುತ್ತಲಿನ ಮಂಜು

ಮಾನಕ ದೋಷವೆಂದರೇನು? ಅಣ್ಣತಂಗಿಯರಿಬ್ಬರಿಗೆ ಬುದ್ಧಿಪರೀಕ್ಷೆಯಾಯಿತು, ಅಣ್ಣನಿಗೆ 108, ತಂಗಿಗೆ 112. ಮನೆಯಲ್ಲಿ ಮಾತು ಶುರು: "ನೋಡು, ನಿನಗಿಂತ ಅವಳೇ ಚುರುಕು." ಈ ಮಾತಿಗೆ ಆಧಾರವಿದೆಯೇ?

ಇಂದಿನ ಬುದ್ಧಿಪರೀಕ್ಷೆಗಳಲ್ಲಿ ಸಾಮಾನ್ಯವಾಗಿ ಸರಾಸರಿ ಅಂಕ 100. ಜನರ ಅಂಕಗಳು ಸರಾಸರಿಯಿಂದ ಚೆದರಿರುವ ಪ್ರಮಾಣ, ಎಂದರೆ ಮಾನಕ ವಿಚಲನೆ, 15. ಪರೀಕ್ಷೆಯ ವಿಶ್ವಸನೀಯತೆ 0.91 ಎಂದಿಟ್ಟುಕೊಂಡರೆ, 1ರಿಂದ ಅದನ್ನು ಕಳೆದಾಗ ಉಳಿಯುವುದು 0.09, ಅದರ ವರ್ಗಮೂಲ 0.3, ಅದನ್ನು 15ರಿಂದ ಗುಣಿಸಿದರೆ 4.5. ಇದೇ ಮಾನಕ ದೋಷ. ಪರೀಕ್ಷೆಯನ್ನು ಮತ್ತೆ ಮತ್ತೆ ನಡೆಸಲು ಸಾಧ್ಯವಾದರೆ, ನೂರರಲ್ಲಿ ಸುಮಾರು ತೊಂಬತ್ತೈದು ಸಲ ಅಂಕವು ನಿಜವಾದ ಬೆಲೆಯಿಂದ ಅತ್ತ ಒಂಬತ್ತು, ಇತ್ತ ಒಂಬತ್ತರ ಒಳಗೆ ಬೀಳುತ್ತದೆ. ಎಂದರೆ 108 ಎಂಬುದು ಒಂದು ಚುಕ್ಕೆಯಲ್ಲ; 99ರಿಂದ 117ರವರೆಗೆ ಹರಡಿದ ಮಂಜು. ತಂಗಿಯ 112 ಕೂಡ 103ರಿಂದ 121ರವರೆಗಿನ ಮಂಜು. ಇಬ್ಬರ ಅಂತರಕ್ಕೆ ಎರಡೂ ಕಡೆಯ ದೋಷ ಸೇರುವುದರಿಂದ ಅದರ ಮಾನಕ ದೋಷ ಇನ್ನೂ ದೊಡ್ಡದು, ಸುಮಾರು 6.4. ನಾಲ್ಕು ಅಂಕದ ಅಂತರದಿಂದ ಯಾರು ಚುರುಕೆಂದು ತೀರ್ಮಾನಿಸುವುದು, ಗಾಳಿಗೆ ಅಲ್ಲಾಡುವ ತಕ್ಕಡಿಯ ಮುಳ್ಳನ್ನು ನೋಡಿ ಚಿನ್ನ ಕೊಂಡಂತೆ.

ಈ ಮಂಜು ಬುದ್ಧಿಪರೀಕ್ಷೆಗೆ ಮಾತ್ರ ಸೀಮಿತವಲ್ಲ. ಶಾಲಾ ಪರೀಕ್ಷೆಗಳನ್ನೂ ಮುಸುಕಿದೆ. ಆಂಗ್ಲ ವಿದ್ವಾಂಸ ಎಡ್ಜ್‌ವರ್ತ್ 1890ರಲ್ಲಿ ಲ್ಯಾಟಿನ್ ಗದ್ಯದ ಒಂದೇ ಉತ್ತರವನ್ನು 28 ಮಂದಿ ಅನುಭವಿ ಪರೀಕ್ಷಕರು ತಿದ್ದಿದ ಫಲವನ್ನು ವರದಿ ಮಾಡಿದರು. ನೂರಕ್ಕೆ 45 ಕೊಟ್ಟವರಿಂದ ಹಿಡಿದು ಪೂರ್ಣ 100 ಕೊಟ್ಟವರವರೆಗೂ ಅವರಲ್ಲಿದ್ದರು. ಭಾಷೆಯಾದ್ದರಿಂದ ಹೀಗಾಯಿತು, ಗಣಿತದಲ್ಲಿ ಹೀಗಾಗದು ಎಂದವರಿಗೆ 1913ರಲ್ಲಿ ಅಮೆರಿಕದ ಸ್ಟಾರ್ಚ್ ಮತ್ತು ಎಲಿಯಟ್ ಉತ್ತರ ಕೊಟ್ಟರು. ರೇಖಾಗಣಿತದ ಒಂದೇ ಉತ್ತರಪತ್ರಿಕೆಗೆ ನೂರಕ್ಕೂ ಹೆಚ್ಚು ಉಪಾಧ್ಯಾಯರು ಕೊಟ್ಟ ಅಂಕಗಳು 28ರಿಂದ 92ರವರೆಗೆ ಹರಡಿದ್ದವು. ಒಬ್ಬರ ಕೈಯಲ್ಲಿ ನಪಾಸು, ಇನ್ನೊಬ್ಬರ ಕೈಯಲ್ಲಿ ಪ್ರಥಮದರ್ಜೆ! ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕಿ ಕಾದು ಕುಳಿತ ಮನೆಗಳಿಗೆ ಈ ಕಥೆ ಹೊಸದೆನಿಸಲಾರದು.

ಮೈಸೂರಿಗೆ ಬಂದ ವಿದ್ಯೆ

ಲಂಡನ್ನಿನಲ್ಲಿ ಸ್ಪಿಯರ್‌ಮನ್ ಹಚ್ಚಿದ ದೀಪದ ಒಂದು ಕಿಡಿ ನೇರವಾಗಿ ಕನ್ನಡನಾಡಿಗೆ ಬಂದಿತು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಬ್ರಜೇಂದ್ರನಾಥ ಸೀಲರು ಉಪಕುಲಪತಿಗಳಾಗಿದ್ದ ಕಾಲದಲ್ಲಿ, 1924ರಲ್ಲಿ, ಮನಶ್ಶಾಸ್ತ್ರ ವಿಭಾಗ ಆರಂಭವಾಯಿತು. ಕಲ್ಕತ್ತೆಯ 1916ರ ವಿಭಾಗವನ್ನು ಬಿಟ್ಟರೆ ದೇಶದ ಅತ್ಯಂತ ಹಳೆಯ ವಿಭಾಗಗಳಲ್ಲಿ ಇದೂ ಒಂದು. ಇದರ ಮುಖ್ಯಸ್ಥರಾದವರು ಲಂಡನ್ನಿನಲ್ಲಿ ಸ್ಪಿಯರ್‌ಮನ್ನರ ಬಳಿಯೇ ಅಭ್ಯಾಸ ಮಾಡಿ ಬಂದಿದ್ದ ಡಾ. ಎಂ. ವಿ. ಗೋಪಾಲಸ್ವಾಮಿ. ಕನ್ನಡಿಗರು ಇವರನ್ನು ಬೇರೊಂದು ಕಾರಣಕ್ಕಾಗಿ ಹೆಚ್ಚು ಬಲ್ಲರು: 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿಯೇ ರೇಡಿಯೋ ಕೇಂದ್ರವನ್ನು ಸ್ಥಾಪಿಸಿ, 'ಆಕಾಶವಾಣಿ' ಎಂಬ ಹೆಸರು ಮನೆಮಾತಾಗಲು ಕಾರಣರಾದವರು ಇವರೇ.

ಇನ್ನೊಂದು ಹೆಸರು ಡಾ. ವಿ. ವಿ. ಕಾಮತರದು. ಪ್ಯಾರಿಸ್ಸಿನಲ್ಲಿ ಆಲ್ಫ್ರೆಡ್ ಬಿನೆ ಮತ್ತು ಸಿಮೋನ್ 1905ರಲ್ಲಿ, ವಿಶೇಷ ಪಾಠದ ಅಗತ್ಯವಿರುವ ಮಕ್ಕಳನ್ನು ಗುರುತಿಸಲೆಂದು ಪರೀಕ್ಷೆಯೊಂದನ್ನು ರಚಿಸಿದ್ದರು. ಟರ್ಮನ್ 1916ರಲ್ಲಿ ಅದನ್ನು ಅಮೆರಿಕಕ್ಕೆ ಒಗ್ಗಿಸಿದರು. ಕಾಮತರು ಅದನ್ನು ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳಿಗೆ ಹೊಂದಿಸಿದರು. ಭಾರತೀಯ ಮಕ್ಕಳ ಬುದ್ಧಿಮಾಪನವನ್ನು ಕುರಿತ ಅವರ ಇಂಗ್ಲಿಷ್ ಗ್ರಂಥ 1940ರಲ್ಲಿ ಪ್ರಕಟವಾಯಿತು. 'ಬಿನೆ–ಕಾಮತ್ ಪರೀಕ್ಷೆ' ಎಂಬ ಹೆಸರಿನಿಂದ ಅದು ನಮ್ಮ ದೇಶದ ಚಿಕಿತ್ಸಾಲಯಗಳಲ್ಲಿ ದೀರ್ಘಕಾಲ ಬಳಕೆಯಲ್ಲಿದೆ.

ಪರೀಕ್ಷೆಯನ್ನು ಭಾಷಾಂತರಿಸುವುದೆಂದರೆ ಮಾತಿಗೆ ಮಾತು ಕೂಡಿಸುವ ಕೆಲಸವಲ್ಲ. ಬಿನೆ ಮಾದರಿಯ ಪರೀಕ್ಷೆಗಳಲ್ಲಿ ಮಗುವು ಕೇಳಿದ ಅಂಕಿಗಳನ್ನು ಅದೇ ಕ್ರಮದಲ್ಲಿ ಮರಳಿ ಹೇಳಬೇಕು. ಇಂಗ್ಲಿಷಿನಲ್ಲಿ ಒಂದರಿಂದ ಒಂಬತ್ತರವರೆಗಿನ ಹೆಸರುಗಳಲ್ಲಿ ಏಳರ ಹೆಸರೊಂದನ್ನುಳಿದು ಮಿಕ್ಕವೆಲ್ಲ ಒಂದೇ ಉಚ್ಚಾರದ ಗುಟುಕುಗಳು. ಕನ್ನಡದಲ್ಲಿ ಒಂದು, ಮೂರು, ನಾಲ್ಕು ಎಂಬುವು ಎರಡೆರಡು ಅಕ್ಷರ. ಎರಡು, ಒಂಬತ್ತು ಎಂಬುವು ಮೂರು. ಅದೇ ಐದು ಅಂಕಿಗಳನ್ನು ಹೇಳಲು ಕನ್ನಡದ ಮಗುವಿಗೆ ಹೆಚ್ಚು ಹೊತ್ತು ಬೇಕು, ಹೆಚ್ಚು ಅಕ್ಷರಗಳನ್ನು ಹೊರಬೇಕು. ಹೀಗಿರುವಾಗ ಕ್ಯಾಲಿಫೋರ್ನಿಯದಲ್ಲಿ ಲೆಕ್ಕಹಾಕಿದ ವಿಶ್ವಸನೀಯತೆಯನ್ನು ಧಾರವಾಡದ ಮಗುವಿಗೆ ಹಾಗೆಯೇ ಅಂಟಿಸಲು ಬಾರದು. ಇಲ್ಲಿಯ ಮಕ್ಕಳ ನಡುವೆಯೇ ಅದನ್ನು ಹೊಸದಾಗಿ ಅಳೆಯಬೇಕು.

ಒಮ್ಮೆ ಅಳೆದರೆ ಸಾಲದು, ಕಾಲಕಾಲಕ್ಕೆ ಅಳೆಯಬೇಕು. ತಲೆಮಾರಿನಿಂದ ತಲೆಮಾರಿಗೆ ಜನರ ಸರಾಸರಿ ಅಂಕಗಳು ಏರುತ್ತ ಬಂದಿವೆಯೆಂದು, ಅಮೆರಿಕದಲ್ಲಿ ಹತ್ತು ವರ್ಷಕ್ಕೆ ಸುಮಾರು ಮೂರು ಅಂಕಗಳಂತೆ ಏರಿವೆಯೆಂದು, ಜೇಮ್ಸ್ ಫ್ಲಿನ್ 1984ರಲ್ಲಿ ತೋರಿಸಿದರು. ಅಜ್ಜನ ಕಾಲದ ಮಕ್ಕಳೊಡನೆ ಮೊಮ್ಮಗನನ್ನು ಹೋಲಿಸುವ ಪರೀಕ್ಷೆ ಎಷ್ಟೇ ವಿಶ್ವಸನೀಯವಾಗಿರಲಿ, ಸವೆದ ಬಟ್ಟಿನಂತೆ ಪ್ರತಿಸಲವೂ ಒಂದೇ ರೀತಿಯಲ್ಲಿ ತಪ್ಪು ಹೇಳಬಹುದು.

ತೀರ್ಪು

ಮತ್ತೆ ಫ್ಲಾರಿಡಕ್ಕೆ ಬರೋಣ. 2014ರ ಮೇ 27ರಂದು ಸರ್ವೋಚ್ಚ ನ್ಯಾಯಾಲಯವು ಐವರ ಬಹುಮತದಿಂದ ತೀರ್ಪಿತ್ತಿತು, ನಾಲ್ವರು ಒಪ್ಪಲಿಲ್ಲ. ಬಹುಮತದ ತೀರ್ಪನ್ನು ಬರೆದ ನ್ಯಾಯಮೂರ್ತಿ ಕೆನಡಿಯವರ ಅಭಿಪ್ರಾಯದ ಸಾರವಿಷ್ಟು: ಬೌದ್ಧಿಕ ನ್ಯೂನತೆಯೆಂಬುದು ಒಂದು ಸ್ಥಿತಿ, ಬರಿಯ ಸಂಖ್ಯೆಯಲ್ಲ. ಬುದ್ಧಿಪರೀಕ್ಷೆಯ ಅಂಕಕ್ಕೆ ಮಾನಕ ದೋಷವಿದೆಯೆಂದು ಆ ಶಾಸ್ತ್ರದ ತಜ್ಞರೇ ಒಪ್ಪಿರುವಾಗ, ರಾಜ್ಯವು ಅದನ್ನು ಕಣ್ಣುಮುಚ್ಚಿ ನಿರಾಕರಿಸಿ 70ರಲ್ಲಿ ಕತ್ತಿಯ ಗೆರೆ ಎಳೆಯುವುದು ಸಂವಿಧಾನಕ್ಕೆ ವಿರುದ್ಧ. ಅಂತಹ ಪರೀಕ್ಷೆಗಳ ಮಾನಕ ದೋಷ ಸುಮಾರು ಎರಡೂವರೆ ಅಂಕವಾದ್ದರಿಂದ 71 ಎಂಬುದರ ನಿಜವಾದ ಅರ್ಥ 66ರಿಂದ 76ರವರೆಗೆ ಎಲ್ಲಿಯಾದರೂ ಎಂದು. ಆದುದರಿಂದ ಹಾಲ್‌ನ ಬಾಲ್ಯ, ಕಲಿಕೆ, ನಡೆನುಡಿ ಎಲ್ಲದರ ಸಾಕ್ಷ್ಯವನ್ನೂ ಕೇಳಬೇಕು. 2016ರಲ್ಲಿ ಫ್ಲಾರಿಡದ ಉಚ್ಚ ನ್ಯಾಯಾಲಯವೇ ಅವನ ಮರಣದಂಡನೆಯನ್ನು ರದ್ದುಪಡಿಸಿ ಆಜೀವ ಸೆರೆವಾಸಕ್ಕೆ ಇಳಿಸಿತು.

1904ರಲ್ಲಿ ಒಬ್ಬ ನಿವೃತ್ತ ಸೈನಿಕನು ಕಾಗದದ ಮೇಲೆ ಬರೆದ ಲೆಕ್ಕ, ನೂರಹತ್ತು ವರ್ಷಗಳ ಅನಂತರ ಒಬ್ಬ ಮನುಷ್ಯನ ಕತ್ತಿಗೂ ಸಾವಿಗೂ ನಡುವೆ ಬಂದು ನಿಂತಿತು.

ಎಲ್ಲ ಅಂಕಗಳ ಹಿಂದೆಯೂ ಇಷ್ಟು ಘೋರವಾದ ಪಣವಿರುವುದಿಲ್ಲ, ನಿಜ. ಆದರೆ ಶಾಲೆಯಿಂದಲೋ, ಉದ್ಯೋಗದ ಕಛೇರಿಯಿಂದಲೋ, ಚಿಕಿತ್ಸಾಲಯದಿಂದಲೋ ಒಂದು ಅಂಕ ಮನೆಗೆ ಬಂದು, ಎಳೆಯ ಜೀವವೊಂದರ ಹಣೆಗೆ ಹಣೆಪಟ್ಟಿಯಾಗಿ ಕೂರುವುದು ಅಪರೂಪವೇನಲ್ಲ. ಆಗ ತಾಯಿತಂದೆಯರು ಕೇಳಬೇಕಾದ ಪ್ರಶ್ನೆಗಳು ಮೂರೇ. ಈ ಪರೀಕ್ಷೆಯ ವಿಶ್ವಸನೀಯತೆ ಎಷ್ಟು? ಅದನ್ನು ಯಾವ ಮಕ್ಕಳ ನಡುವೆ, ಯಾವ ಕಾಲದಲ್ಲಿ ಅಳೆದದ್ದು? ಈ ಅಂಕದ ಅತ್ತಿತ್ತ ಎಷ್ಟು ದೂರದವರೆಗೆ ಮಂಜು ಹರಡಿದೆ? ಒಳ್ಳೆಯ ಮನಶ್ಶಾಸ್ತ್ರಜ್ಞರು ಈ ಪ್ರಶ್ನೆಗಳಿಗೆ ಸಂತೋಷದಿಂದಲೇ ಉತ್ತರಿಸುತ್ತಾರೆ; ಒಂದೇ ಅಂಕವನ್ನು ನೆಚ್ಚದೆ ಮಗುವನ್ನು ಕೂರಿಸಿಕೊಂಡು ಮಾತನಾಡಿಸುತ್ತಾರೆ, ಬೇಕಾದರೆ ಮತ್ತೊಮ್ಮೆ ಪರೀಕ್ಷಿಸುತ್ತಾರೆ. ಉತ್ತರ ಕೊಡಲು ಹಿಂಜರಿಯುವವರ ತಕ್ಕಡಿಯಲ್ಲಿ ಬೇಳೆಯನ್ನೂ ತೂಗಿಸಿಕೊಳ್ಳದ ಗೃಹಿಣಿ, ಮಗುವಿನ ಮನಸ್ಸನ್ನು ತೂಗಿಸಿಕೊಳ್ಳಬೇಕಾದ ಕಾರಣವಿಲ್ಲ.